ಕರಿಮರದ ಕಂಠ

ಬಾಗಿಲು ಧಡಾರನೆ ತೆರೆದುಕೊಂಡ ಕ್ಷಣಕ್ಕೇ ಅವಳ ಕೈಯಲ್ಲಿದ್ದ ಉಳಿ ಮರಕ್ಕೆ ಕಚ್ಚಿಕೊಂಡಿತು.

ಟಕ್!

ಮೂರು ವಾರದಿಂದ ಉಸಿರು ಬಿಗಿಹಿಡಿದು, ಸಣ್ಣ ಬಾಯಿಯೊಳಗೆ ಉಳಿ ಇಳಿಸಿ, ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಕೇಳುತ್ತಾ ಟೊಳ್ಳು ಮಾಡಿದ್ದ ಮರದ ಕುಡಿಕೆ ಅದು. ಅದರ ಕಂಠದಿಂದ ಉಗುರಗಲದ ಚೂರೊಂದು ಹಾರಿ, ಬಾಗಿಲಲ್ಲಿ ನಿಂತವನ ಪಾದದ ಬಳಿ ಬಿತ್ತು.

ಅವಳು ಮರ ತಿರುಗಿಸುವ ಲೇತ್ ನಿಲ್ಲಿಸಿದಳು. ಕೋಣೆ ತುಂಬಾ ತೇಲುತ್ತಿದ್ದ ಮರದ ಪುಡಿ ಕಿಟಕಿಯ ಬಿಸಿಲಲ್ಲಿ ಚಿನ್ನದ ಮಂಜಿನಂತೆ ನಿಧಾನವಾಗಿ ಇಳಿಯುತ್ತಿತ್ತು. ಆ ಮಂಜಿನಾಚೆ ಅವನು... ಎತ್ತರದ, ಕೂದಲು ಕೆದರಿದ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡ ಅಪರಿಚಿತ.

ಎದುರು ಮನೆಯ ಮಹಡಿಗೆ ಹೋದ ವಾರವಷ್ಟೇ ಬಾಡಿಗೆಗೆ ಬಂದಿದ್ದ ಪಿಟೀಲು ರಿಪೇರಿಯವನು. ಲೇತಿನ ಗುಂಯ್‌ಗುಡುವ ಸದ್ದಿನಲ್ಲಿ ತಂತಿಯ ಶ್ರುತಿಯೇ ಕೇಳಿಸುವುದಿಲ್ಲ ಎಂದು ಜಗಳಕ್ಕೆ ಬಂದವನು, ಆ ಚೂರನ್ನು ಎತ್ತಿಕೊಂಡು, ಅವಳ ಮುಖ ನೋಡಿ, ಬಂದ ಕೆಲಸವನ್ನೇ ಮರೆತುಬಿಟ್ಟ.

“ಇದು... ನನ್ನಿಂದಾನಾ?”

“ಇಲ್ಲ, ಗಾಳಿಯಿಂದ,” ಅಂದಳು. ಕಣ್ಣು ತುಂಬಿಕೊಂಡಿತ್ತು. ಪುಡಿ ಬಿದ್ದವಳಂತೆ ಮುಂಗೈಯಿಂದ ಒರೆಸಿಕೊಂಡಳು.

ಅವನಿಗೆ ಹೇಗೆ ಗೊತ್ತಾಗಬೇಕು, ಆ ಕುಡಿಕೆಯ ಮೇಲೆ ಇಡೀ ಕೋಣೆ ನಿಂತಿದೆ ಎಂದು! ಅದು ಅವಳ ಅಣ್ಣನ ಮನೆಯ ಮುಂದಿನ ಕೋಣೆ. ಅಣ್ಣನಿಗೆ ಅಲ್ಲಿ ಕಾರು ನಿಲ್ಲಿಸಬೇಕು. ತಿಂಗಳ ಕೊನೆಯ ಕರಕುಶಲ ಪ್ರದರ್ಶನದಲ್ಲಿ ಅವಳದೊಂದು ಕುಡಿಕೆ ಕೂತರೆ ಲೇತ್ ಉಳಿಯುತ್ತದೆ, ಇಲ್ಲದಿದ್ದರೆ ಲೇತ್ ಹೊರಗೆ, ಕಾರು ಒಳಗೆ. ಅತ್ತಿಗೆಯ ಮಧ್ಯಸ್ಥಿಕೆಯಲ್ಲಿ ಊಟದ ಹೊತ್ತಿಗೆ ಆದ ಒಪ್ಪಂದ ಅದು.

ಮರುದಿನ ಅವನು ಬಾಗಿಲು ತಟ್ಟಿ, ತಟ್ಟಿ, ಅವಳು ಲೇತ್ ಆರಿಸಿದ ಮೇಲೆಯೇ ಒಳಗೆ ಬಂದ. ಕೈಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಅಂಗೈಯಗಲದ ಕರಿಮರದ ತುಂಡು. ಪಿಟೀಲಿನ ತಂತಿ ಬಿಗಿಯುವ ಬಿರಡೆ ಮಾಡಲು ಇಟ್ಟುಕೊಂಡಿದ್ದಂತೆ. ಎಂಟು ವರ್ಷದಿಂದ ಅದಕ್ಕೆ ಗರಗಸ ಹಾಕಲು ಮನಸ್ಸೇ ಬಂದಿರಲಿಲ್ಲವಂತೆ.

ಅವಳು ಅದನ್ನು ಬೆಣ್ಣೆ ಬಣ್ಣದ ಕುಡಿಕೆಯ ಪಕ್ಕ ಹಿಡಿದಳು. ಒಡೆದ ಬಾಯನ್ನು ಸುತ್ತಲೂ ಕತ್ತರಿಸಿ ಅಗಲ ಮಾಡಿ, ಅಲ್ಲೊಂದು ಕರಿಮರದ ಬಳೆ ಕೂರಿಸಿದರೆ? ಬಿಳಿ ಮೈಗೆ ಕಪ್ಪು ಕಂಠ...

ಎದೆಯೊಳಗೆ ಏನೋ ಮೆಲ್ಲಗೆ ತಿರುಗತೊಡಗಿತು.

ಆಮೇಲಿನ ಮಧ್ಯಾಹ್ನಗಳೆಲ್ಲ ಕನಸಿನ ಹಾಗೆ ಕಳೆದವು. ಮರ ಮುಟ್ಟುವ ಮೊದಲು ಕಾಗದ. ಕಪ್ಪು ಕಾಗದದ ಬಳೆಗಳನ್ನು ಕತ್ತರಿಸಿ ಕುಡಿಕೆಯ ಮೇಲಿಟ್ಟು, ಮೂರು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡುವುದು. ಅಗಲವಾದರೆ ಭಾರ. ಸಣ್ಣದಾದರೆ ದಾರ ಕಟ್ಟಿದ ಹಾಗೆ. ಕತ್ತರಿಸುವವನು ಅವನು, ಬೇಡ ಅನ್ನುವವಳು ಅವಳು. ಅವನ ಬಳೆಗಳು ದಿನಾ ಸ್ವಲ್ಪ ಸೊಟ್ಟ.

ಅತ್ತಿಗೆ ಕಾಫಿ ತಂದಿಟ್ಟು ಒಂದು ಬಳೆ ನೋಡಿದಳು. “ಇದೇನು ಕುಡಿಕೆನಾ, ಟೋಪಿ ಹಾಕ್ಕೊಂಡ ಪೊಲೀಸಪ್ಪನಾ?” ಅಂದು, ಇಬ್ಬರ ನಡುವಿನ ಸ್ಟೂಲನ್ನು ಪಕ್ಕಕ್ಕೆ ಸರಿಸಿ ಹೋದಳು. ಸ್ಟೂಲು ಯಾರಿಗೂ ಅಡ್ಡವಾಗಿರಲಿಲ್ಲ.

ಹನ್ನೊಂದನೆಯ ಬಳೆಗೆ ಅವಳಿಗೆ ಗುಟ್ಟು ಹೊಳೆಯಿತು. ಬಳೆಯ ಅಗಲದಲ್ಲಲ್ಲ, ಗೆರೆಯಲ್ಲಿತ್ತು ವಿಷಯ. ಕುಡಿಕೆಯ ಭುಜದಿಂದ ಏರಿ ಬಂದ ಬಾಗು, ಕಪ್ಪು ಶುರುವಾದಲ್ಲಿ ನಿಲ್ಲಬಾರದು. ಅದೇ ಬಾಗಿನಲ್ಲಿ ಕರಿಮರದ ಮೇಲೂ ಹರಿದು, ತುಟಿಯ ಹತ್ತಿರ ಮೆಲ್ಲಗೆ ಒಳಗೆ ಜಾರಬೇಕು. ಕಣ್ಣು ಜಾರಿ ಒಳಗಿನ ಕತ್ತಲಲ್ಲಿ ಕಳೆದುಹೋಗಬೇಕು.

ಅವಳು ಗಾಳಿಯಲ್ಲೇ ಬೆರಳಿನಿಂದ ಆ ಗೆರೆ ಎಳೆದು ತೋರಿಸಿದಳು. ಅವನು ಗೆರೆ ನೋಡಲಿಲ್ಲ... ಬೆರಳನ್ನೇ ನೋಡುತ್ತಿದ್ದ.

ಕರಿಮರ ಕಡೆದಾಗ ಒಂದು ಅಚ್ಚರಿ ಕಾದಿತ್ತು. ಕಪ್ಪಿನ ನಡುವೆ ಜೇನು ಬಣ್ಣದ ತೆಳು ಗೆರೆ! ಅದು ಮುಂದೆಯೇ ಬರಬೇಕೆಂದು ಅವಳು ಬಳೆಯನ್ನು ತಿರುಗಿಸಿಟ್ಟಳು. ಹಾಗಿಟ್ಟಾಗ ಬಳೆಯ ಮರದ ಎಳೆ ಒಂದು ದಿಕ್ಕು, ಕುಡಿಕೆಯ ಎಳೆ ಇನ್ನೊಂದು ದಿಕ್ಕು. ಅವಳ ಖುಷಿಗೆ ಅದು ಕಾಣಲಿಲ್ಲ.

ಅವನಿಗೆ ಕಂಡಿತು. ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಚೆನ್ನಾಗಿದೆ ಎಂದಷ್ಟೇ ಹೇಳಿದ.

ಅಂಟು ಹಾಕುವ ಕೆಲಸ ಅವನದು. ಮರ ಒತ್ತಿ ಹಿಡಿಯುವ ಅವನ ಬಿಗಿಪಟ್ಟುಗಳಿಗೆ ಮೆತ್ತನೆಯ ಬೆಂಡು ಹಾಕಿರುತ್ತದೆ, ಮರಕ್ಕೆ ಗಾಯವಾಗುವುದಿಲ್ಲ. ಕುಡಿಕೆಯನ್ನು ತನ್ನ ಮಹಡಿಗೆ ಒಯ್ದು, ಮರುದಿನ ಮಗುವನ್ನು ತರುವಂತೆ ತಂದುಕೊಟ್ಟ. ಅವಳೂ ಅಭ್ಯಾಸಕ್ಕೆಂದು ಮಾಡಿದ್ದ ಪುಟ್ಟ ಕುಡಿಕೆಗೆ ಉಳಿದ ಕರಿಮರದಿಂದ ಇನ್ನೊಂದು ಬಳೆ ಮಾಡಿ, ತನ್ನ ಬಿಳಿ ಗೋಂದಿನಿಂದ ಹಾಗೇ ಅಂಟಿಸಿ ಕಪಾಟಿನಲ್ಲಿಟ್ಟಳು. ದೊಡ್ಡದರ ಫೋಟೋ ಕಳಿಸಿದ ಎರಡೇ ದಿನಕ್ಕೆ ಪ್ರದರ್ಶನದವರಿಂದ ಉತ್ತರ ಬಂತು. ಆಯ್ಕೆಯಾಗಿದೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ ತಂದು ಒಪ್ಪಿಸಿ.

ಅವಳು ಓದಿ, ಓದಿ, ಕೊನೆಗೆ ಎದುರು ಮಹಡಿಯ ಕಿಟಕಿ ನೋಡಿ ನಕ್ಕಳು.

ಅಷ್ಟರಲ್ಲಿ ಮೋಡ ಕವಿಯಿತು. ಮೂರು ದಿನ ಹೊರಗೆ ಜಿಟಿಜಿಟಿ, ಒಳಗೆ ಗೋಡೆಯೆಲ್ಲ ತೇವ. ಮಂಗಳವಾರ ಬೆಳಿಗ್ಗೆ ಧೂಳು ಒರೆಸಲು ಕುಡಿಕೆ ಎತ್ತಿದಳು...

ಕಪ್ಪು ಕಂಠ ಅವಳ ಕೈಯಲ್ಲೇ ಉಳಿಯಿತು. ಕುಡಿಕೆ ಮೇಜಿನ ಮೇಲೇ ಉಳಿಯಿತು.

ಅಂಚಿನಲ್ಲಿ ಬೆಲ್ಲದ ಬಣ್ಣದ ಪದರ. ಮುಟ್ಟಿ ನೋಡಿದಳು. ಸರೇಸು! ಬಿಸಿನೀರಲ್ಲಿ ಕರಗಿಸಿ ಹಚ್ಚುವ, ಪಿಟೀಲಿನವರು ಬೇಕೆಂದಾಗ ಬಿಚ್ಚಲು ಅಂತಲೇ ಬಳಸುವ ಹಳೇ ಅಂಟು. ಅದನ್ನೂ ನೀರು ಮಾಡಿ ತೆಳುವಾಗಿ ಹಚ್ಚಿದ್ದ. ತನಗೆ ಒಂದು ಮಾತೂ ಹೇಳದೆ!

ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಒದ್ದೆ ಪಾದದಲ್ಲೇ ಅವನೆದುರು ನಿಂತು ಬಳೆಯನ್ನು ಮುಂದೆ ಚಾಚಿದಳು. ಬೇಕಂತಲೇ ಹಾಕಿದಿರಾ ಎಂದು ಕೇಳಿದಳು. ಅವನು ಹೂಂ ಅಂದ. ಯಾಕೆಂದು ಕೇಳಿದರೆ, ಕುಡಿಕೆ ಉಳಿಯಲಿ ಅಂತ ಎಂದಷ್ಟೇ ಅಂದು ತಲೆ ತಗ್ಗಿಸಿದ.

“ನಾನು ಕಡೆದಿದ್ದು ನಾಲ್ಕು ದಿನ ಬಾಳಲ್ಲ ಅಂತ ನೀವೇ ತೀರ್ಮಾನ ಮಾಡಿದ್ರಾ? ನನ್ನ ಕುಡಿಕೆ, ನನ್ನ ಕೋಣೆ... ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನಿಸಲೇ ಇಲ್ವಾ?”

ಅವಳು ಬಳೆ ಹಿಡಿದು ದಡದಡ ಮೆಟ್ಟಿಲಿಳಿದಳು. ಅವನ ಉತ್ತರಕ್ಕೆ ಕಾಯಲಿಲ್ಲ.

ಎರಡು ದಿನ ಅವಳು ಎದುರಿನ ಕಿಟಕಿಯತ್ತ ತಲೆ ಎತ್ತಲಿಲ್ಲ. ಬಿಳಿ ಗೋಂದಿನ ಡಬ್ಬಿ ತೆರೆಯುವಳು, ಮುಚ್ಚುವಳು. ಅಣ್ಣ ಕಾರಿನ ಉದ್ದಗಲ ಬರೆದ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದ. ಅತ್ತಿಗೆ ಅದನ್ನು ಕಿತ್ತು ತರಕಾರಿ ಪಟ್ಟಿ ಬರೆದಳು.

“ಹೊಟ್ಟುರಾಣಿ, ಆ ಪಿಟೀಲು ಡಾಕ್ಟರ್ ಎರಡು ದಿನದಿಂದ ಒಂದೇ ತಂತೀನ ಎಳೀತಾ ಕೂತಿದ್ದಾನೆ,” ಅಂದಳು ಅತ್ತಿಗೆ. “ಕೇಳಿ ಕೇಳಿ ನನಗೇ ಅಳು ಬರ್ತಿದೆ. ನಿಂಗೇನೂ ಆಗ್ತಿಲ್ವಾ?”

ಆಗುತ್ತಿತ್ತು. ಎದೆಯೊಳಗೆ ಎಲ್ಲೋ ಸಣ್ಣಗೆ ಕೀವುಗಟ್ಟಿದ ಹಾಗೆ ಆಗುತ್ತಿತ್ತು...

ಗುರುವಾರ ಕೊನೆಗೂ ಬಿಳಿ ಗೋಂದನ್ನೇ ಹಚ್ಚುವುದೆಂದು ಕೂತಳು. ಎಷ್ಟು ಒತ್ತಡ ಕೊಡಬೇಕೆಂದು ನೋಡಲು ಅಭ್ಯಾಸದ ಪುಟ್ಟ ಕುಡಿಕೆಯನ್ನು ಕಪಾಟಿನಿಂದ ಇಳಿಸಿದಳು. ಅದರ ಕಂಠ ಭದ್ರವಾಗಿತ್ತು. ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಆದರೆ ಕುಡಿಕೆ?

ಕಂಠದ ಕೆಳಗಿನಿಂದ ಹೊಟ್ಟೆಯವರೆಗೆ ಎರಡು ಬೆರಳುದ್ದ ಸೀಳಿತ್ತು.

ಅವಳು ಅದನ್ನು ಕಿಟಕಿಗೆ ಹಿಡಿದಳು. ತೇವಕ್ಕೆ ಬಿಳಿ ಮರ ಒಂದು ಕಡೆಗೆ ಉಬ್ಬಿದೆ. ಅಡ್ಡ ಎಳೆಯ ಕರಿಮರ ಉಬ್ಬಲು ಬಿಟ್ಟಿಲ್ಲ. ಗೋಂದು ಎರಡನ್ನೂ ಬಿಟ್ಟಿಲ್ಲ. ಕೊನೆಗೆ ಸೋತದ್ದು ಮೈ. ದೊಡ್ಡ ಕುಡಿಕೆಗೂ ಅವಳು ಹಾಗೇ ಅಡ್ಡಡ್ಡ ಕೂರಿಸಿದ್ದಳು! ಅಲ್ಲಿ ಮಾತ್ರ ತೆಳು ಸರೇಸು ಮೊದಲೇ ಕೈಬಿಟ್ಟು, ಕುಡಿಕೆಯನ್ನು ಉಳಿಸಿತ್ತು.

ತಪ್ಪು ತನ್ನದು. ಅಂದವಾಗಿ ಕಾಣಲೆಂದು ಮಾಡಿದ ತಪ್ಪು. ಅದು ಅವನಿಗೆ ಅವತ್ತೇ ಗೊತ್ತಿತ್ತು...

ಈ ಸಲ ಅವಳು ಮೆಟ್ಟಿಲನ್ನು ನಿಧಾನವಾಗಿ ಹತ್ತಿದಳು. ಅವನು ಬೆನ್ನು ತೆರೆದಿಟ್ಟ ಪಿಟೀಲಿನ ಮುಂದೆ ಕೂತಿದ್ದ. ಅವಳು ಸೀಳಿದ ಕುಡಿಕೆಯನ್ನು ಅವನ ಮೇಜಿನ ಮೇಲಿಟ್ಟಳು.

“ಮೊದಲೇ ಗೊತ್ತಿತ್ತಲ್ವಾ? ಯಾಕೆ ಹೇಳಲಿಲ್ಲ?”

ಅವನು ಆ ಸೀಳನ್ನೇ ಬೆರಳಿನಿಂದ ಸವರಿದ.

“ಜೇನಿನ ಗೆರೆ ಮುಂದೆ ಬಂದಾಗ ನಿಮ್ಮ ಮುಖ ನೋಡಿದೆ. ತಪ್ಪು ಅನ್ನೋಕೆ ಬಾಯಿ ಬರಲಿಲ್ಲ. ನಿಮಗೆ ಹೇಳಬೇಕಾದ್ದನ್ನ ಅಂಟಿಗೆ ಹೇಳ್ಬಿಟ್ಟೆ. ಅದು ನನ್ನ ತಪ್ಪು.”

“ನಾನೂ ಕೇಳೋಕೆ ನಿಲ್ಲಲಿಲ್ಲ,” ಅಂದಳು. “ಇನ್ಮೇಲೆ ನನ್ನ ಕೆಲಸದಲ್ಲಿ ತಪ್ಪಿದ್ರೆ ಮುಖ ನೋಡ್ಬೇಡಿ. ಮರ ನೋಡಿ ಹೇಳಿ.”

“ಅದು ಸ್ವಲ್ಪ ಕಷ್ಟ,” ಅಂದ ಅವನು.

ಅವಳ ಕಿವಿ ಕೆಂಪಾಯಿತು.

ಶುಕ್ರವಾರ ಬಿಸಿಲು ಬಂತು. ಮರ ಒಣಗಿ ಮತ್ತೆ ದುಂಡಗಾಯಿತು. ಅವಳು ಲೇತಿನ ಮೇಲೆ ಕಂಠ ಕೂರುವ ಜಾಗವನ್ನು ಸವರಿ ಸರಿ ಮಾಡಿದಳು. ಬಳೆಯನ್ನು ಎಳೆಗೆ ಎಳೆ ಸೇರುವಂತೆ ತಿರುಗಿಸಿದಾಗ ಜೇನಿನ ಗೆರೆ ಪಕ್ಕಕ್ಕೆ ಹೋಯಿತು. ಮನಸ್ಸು ಚುರ್ರೆಂದಿತು. ಆದರೆ ಸುತ್ತ ಒಂದು ಹೆಜ್ಜೆ ನಡೆದು ನೋಡಿದರೆ... ಮೊದಲು ಬರೀ ಕಪ್ಪು, ಆಮೇಲೆ ತಟ್ಟನೆ ಆ ಗೆರೆ! ಯಾರೋ ಓರೆನೋಟ ಬೀರಿದ ಹಾಗೆ. ಇದೇ ಚೆಂದ ಅಂದಳು. ಅವನು ಮರ ನೋಡಿಯೇ ಹೌದೆಂದ.

ಈ ಸಲದ ಸರೇಸು ಗಟ್ಟಿಯದು. ಬಿಸಿ ಆರುವುದರೊಳಗೆ ಕೂರಿಸಬೇಕು, ಅದಕ್ಕೆ ನಾಲ್ಕು ಕೈ ಬೇಕು. ಅವನು ಹಚ್ಚಿದ, ಅವಳು ಕೂರಿಸಿದಳು, ಇಬ್ಬರೂ ಅಂಗೈಗಳಿಂದ ಒತ್ತಿ ಹಿಡಿದರು. ಅವಳ ಬೆರಳ ಮೇಲೆ ಅವನ ಬೆರಳು.

ಅಷ್ಟರಲ್ಲೇ ಅಳತೆ ಟೇಪು ಹಿಡಿದು ಅಣ್ಣ ಬಂದ. ಹಿಂದೆಯೇ ಅತ್ತಿಗೆ. ಕುಡಿಕೆ ಹಿಡಿದ ಇಬ್ಬರೂ ಕೈ ತೆಗೆಯುವಂತಿಲ್ಲ, ತಲೆ ಎತ್ತುವಂತಿಲ್ಲ! ಅಣ್ಣ ಗೋಡೆಯಿಂದ ಗೋಡೆಗೆ ಟೇಪು ಎಳೆಯುತ್ತಾ ಕುಡಿಕೆಯ ಪಕ್ಕಕ್ಕೆ ಬಂದವನು, ಜೇನಿನ ಗೆರೆ ಕಂಡು ನಿಂತ. ಒಂದು ಹೆಜ್ಜೆ ಹಿಂದೆ ಹೋದ. ಮತ್ತೆ ಮುಂದೆ ಬಂದ. ಟೇಪು ಸರ್ರನೆ ಒಳಗೆ ಸೇರಿತು.

“ನಾಳೆ ಹತ್ತು ಗಂಟೆಗಲ್ವಾ ಪುಟ್ಟಿ? ನಾನೇ ಬಿಟ್ಟು ಬರ್ತೀನಿ. ಕಾರು ಹೊರಗೇ ನಿಂತಿರುತ್ತೆ... ಇನ್ಮೇಲೂ.”

ಅತ್ತಿಗೆ ಗಂಡನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಕೋಣೆಯಲ್ಲಿ ಬಿಸಿಲು, ಸರೇಸಿನ ಬಿಸಿ ವಾಸನೆ.

“ಒಂದು ಮಾತು,” ಅಂದ ಅವನು. “ಇದನ್ನ ಅಂಟಿಗೆ ಹೇಳಲ್ಲ. ನಿಮಗೇ ಹೇಳ್ತೀನಿ. ನಂಗೆ ನೀವಂದ್ರೆ ಇಷ್ಟ. ಕುಡಿಕೆ ಮುಗಿದ್ರೆ ಇಲ್ಲಿಗೆ ಬರೋಕೆ ನೆಪ ಇರಲ್ಲ ಅಂತ ಆ ಕಾಗದದ ಬಳೆಗಳನ್ನೆಲ್ಲ ಬೇಕಂತಲೇ ಸೊಟ್ಟ ಕತ್ತರಿಸ್ತಿದ್ದೆ.”

ಅವಳು ಕಣ್ಣೆತ್ತಿ ನೋಡಿದಳು. “ಪಿಟೀಲು ರಿಪೇರಿ ಮಾಡೋ ಕೈಗೆ ಕಾಗದ ಕತ್ತರಿಸೋಕೆ ಬರಲ್ಲ ಅಂದ್ರೆ ನಂಬ್ತೀನಾ? ನಾನೂ ಮೂರನೇ ಬಳೆಗೇ ಸಿಕ್ಕಿದ್ದ ಅಗಲನ ಹನ್ನೊಂದನೇ ಬಳೆವರೆಗೆ ಬೇಡ ಬೇಡ ಅಂತಿದ್ದೆ.”

ಅವನು ನಕ್ಕ. ಆ ನಗು ಬೆರಳುಗಳ ಮೂಲಕ ಕರಿಮರಕ್ಕೆ ಇಳಿದು, ಅವಳ ಅಂಗೈಗೆ ತಲುಪಿತು.

ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು.

“ರೀ... ಒಂದು ನಿಜ ಹೇಳ್ಲಾ? ಅಂಟು ಕೂತು ಹತ್ತು ನಿಮಿಷದ ಮೇಲಾಯ್ತು,” ಅಂದ ಅವನು.

“ಗೊತ್ತು,” ಅಂದಳು ಅವಳು. “ಕೈ ತೆಗೀಬೇಡಿ.”