ಸೀಸೆಯ ಬಾಯಿಗೆ ಬೇರೆ ಗಂಟು

ಸೀಸೆ ಇಟ್ಟಲ್ಲೇ ಇತ್ತು. ಒಳಗಿನ ಪಾಕವೂ ಕತ್ತಿನವರೆಗೆ ತುಂಬಿತ್ತು. ಬದಲಾಗಿದ್ದದ್ದು ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಮಾತ್ರ.

"ಯಾರೋ ಬಿಚ್ಚಿದಾರೆ ಮೇಡಂ," ಅಂದಳು ದರ್ಜಿ. ಫ್ರಿಜ್ಜಿನ ಬಾಗಿಲು ಮುಚ್ಚುವ ಪರಿವೆಯೂ ಅವಳಿಗಿರಲಿಲ್ಲ. "ಇದು ನಮ್ಮಕ್ಕ ಹಾಕಿದ ಗಂಟಲ್ಲ, ಅವಳು ಹಲ್ಲಲ್ಲಿ ಕಚ್ಚಿ ಬಿಗೀತಿದ್ಲು. ಇಪ್ಪತ್ತು ವರ್ಷದಿಂದ ದಾರದ ಜೊತೆ ಬಾಳ್ತಾ ಇದೀನಿ, ಇಷ್ಟೂ ಗೊತ್ತಾಗಲ್ವಾ ನಂಗೆ?"

ಕೆಳಮನೆಯ ಇನ್‌ಸ್ಪೆಕ್ಟರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷ. ಗ್ಯಾಸಿನವನನ್ನು ಬಿಟ್ಟರೆ ಅವಳ ಬಾಗಿಲು ತಟ್ಟುವವರೇ ಇರಲಿಲ್ಲ. ಹತ್ತು ನಿಮಿಷದ ಹಿಂದೆ ದರ್ಜಿ ಬಂದು ತಟ್ಟಿದಾಗ ಎದೆ ಹಿಗ್ಗಿತ್ತು. ಇನ್ನೊಬ್ಬರ ಸಂಕಟಕ್ಕೆ ಹಿಗ್ಗುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಗಿತ್ತು.

ದರ್ಜಿಯ ಅಕ್ಕ ತೀರಿಕೊಂಡು ಎಂಟು ತಿಂಗಳು. ಬದುಕಿದ್ದರೆ ಇವತ್ತು ಹುಟ್ಟುಹಬ್ಬ. ಪ್ರತಿ ವರ್ಷ ಈ ದಿನ ಅಕ್ಕನ ಮನೆಯಲ್ಲಿ ಎಲ್ಲರಿಗೂ ಅದೇ ಪಾನೀಯ. ಪ್ಲಮ್ ಹಣ್ಣು, ಸಕ್ಕರೆ, ಚಕ್ಕೆ, ಲವಂಗ, ಶುಂಠಿ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಕಿತ್ತಳೆ ಸಿಪ್ಪೆಯ ಎಳೆಗಳನ್ನು ತೇಲಿಬಿಟ್ಟ ಪಾಕ. ಲೋಟಕ್ಕೆ ಎರಡು ಬೆರಳಷ್ಟು ಪಾಕ, ಮೇಲೆ ತಣ್ಣಗಿನ ಸ್ಪಾರ್ಕ್ಲಿಂಗ್ ವೈನ್. ಲೋಟ ಓರೆ ಹಿಡಿದು ನಿಧಾನಕ್ಕೆ ಸುರಿಯಬೇಕು, ಕಲಕುವಂತಿಲ್ಲ. ಕಲಕಿದರೆ ಗುಳ್ಳೆಯೆಲ್ಲ ಹಾರಿಹೋಗುತ್ತದೆ. ಯಾವುದು ಎಷ್ಟು ಹಾಕಬೇಕು ಎಂದು ಯಾರು ಕೇಳಿದರೂ ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು.

"ಇದೇ ಕೊನೇ ಸೀಸೆ," ಅಂದಳು ದರ್ಜಿ. "ಅಕ್ಕನ ಕೈಯಿಂದ ಆಗಿದ್ದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ಯಾರೋ ಕುಡಿದುಬಿಟ್ಟು ಅಂಗಡಿ ಶರಬತ್ತು ತುಂಬಿಟ್ಟಿದ್ರೆ—"

"ಬೀಗದ ಕೈ ಯಾರ ಹತ್ರ ಇದೆ?"

"ಇಬ್ಬರ ಹತ್ರ. ಮೇಲ್ಮನೆ ಭಾವ, ಅಕ್ಕನ ಯಜಮಾನ್ರು. ನಾನು ಅಂಗಡಿಗೆ ಹೋದಮೇಲೆ ಮಧ್ಯಾಹ್ನ ಬಂದು ಊಟ ಮಾಡ್ಕೊಂಡು ಹೋಗ್ತಾರೆ. ಇನ್ನೊಬ್ರು ಎದುರುಮನೆ ಪಿಟೀಲು ಮೇಷ್ಟ್ರು. ಅವರ ಫ್ರಿಜ್ಜು ಕೆಟ್ಟಿದೆ, ಹಾಲು ಇಲ್ಲೇ ಇಡ್ತಾರೆ."

ಇಬ್ಬರನ್ನೂ ಕರೆಸಿದ್ದಾಯಿತು. ಮೇಷ್ಟ್ರು ಒಳಗೆ ಕಾಲಿಡುತ್ತಲೇ ಶುರುಮಾಡಿದರು. "ಹಾಲು ಬಿಟ್ರೆ ನಾನೇನೂ ಮುಟ್ಟಿಲ್ಲಮ್ಮ!"

"ಏನು ಹೋಗಿದೆ ಅಂತ ನಾನಿನ್ನೂ ಹೇಳೇ ಇಲ್ವಲ್ಲ ಮೇಷ್ಟ್ರೇ?" ಅಂದಳು ಇನ್‌ಸ್ಪೆಕ್ಟರಮ್ಮ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಷ್ಟ್ರ ಮುಖ ಕೆಂಪಾಯಿತು.

"ಬೆಣ್ಣೆ," ಅಂದರು ಕೊನೆಗೆ. "ಎರಡೇ ಸಲ. ಬ್ರೆಡ್ಡಿಗೆ."

"ಅಡುಗೆ ಬರುತ್ತಾ ನಿಮಗೆ?"

"ಹಾಲು ಕಾಯಿಸ್ತೀನಿ. ಅದೂ ಅರ್ಧ ಒಲೆಗೇ ಹೋಗುತ್ತೆ."

ಭಾವ ಬಾಗಿಲಲ್ಲೇ ನಿಂತಿದ್ದ. ನಲವತ್ತು ವರ್ಷ ಕಟಿಂಗ್ ಶಾಪ್ ನಡೆಸಿ ಬಾಗಿಲು ಹಾಕಿದವನು. ಈಗ ಭಾನುವಾರ ತಾರಸಿಯ ಮೇಲೆ ಮೇಷ್ಟ್ರ ತಲೆಯೊಂದಕ್ಕೆ ಕತ್ತರಿ ಹಾಕುತ್ತಾನೆ, ಅಷ್ಟೇ.

"ನೀವು ಫ್ರಿಜ್ಜು ತೆಗೀತೀರಾ?"

"ನೀರಿಗೆ ತೆಗೀತೀನಿ."

"ಸೀಸೆ?"

"ನೋಡಿದೀನಿ." ಅವನ ಕಣ್ಣು ನೆಲದ ಮೇಲಿತ್ತು.

ಇನ್‌ಸ್ಪೆಕ್ಟರಮ್ಮ ಸೀಸೆಯನ್ನು ಮೇಜಿನ ಮೇಲಿಟ್ಟು ದಾರದ ಒಂದು ತುದಿ ಜಗ್ಗಿದಳು. ಗಂಟು ತಾನಾಗಿ ಬಿಚ್ಚಿಕೊಂಡಿತು. ಒಂದು ಚಮಚ ಪಾಕ ತೆಗೆದು ದರ್ಜಿಯ ಕೈಗೆ ಕೊಟ್ಟಳು.

"ಕುಡಿದು ನೋಡು."

ದರ್ಜಿ ಹೆದರುತ್ತಲೇ ಬಾಯಿಗಿಟ್ಟಳು. ಕಣ್ಣು ತುಂಬಿತು. "ಅಕ್ಕಂದೇ! ಅದೇ ರುಚಿ! ಏನೂ ಆಗಿಲ್ಲ ಮೇಡಂ, ನಾನೇ ಸುಮ್ಮನೆ—"

"ಹಾಗಾದ್ರೆ ಗಂಟು ಬದಲಾಗಿದ್ದು ಹೇಗೆ?"

ಇನ್‌ಸ್ಪೆಕ್ಟರಮ್ಮ ಸಿಪ್ಪೆಯ ಒಂದು ಎಳೆಯನ್ನು ಚಮಚದಲ್ಲೆತ್ತಿ ಕಿಟಕಿಗೆ ಹಿಡಿದಳು. ಅದರ ಮೂಲಕ ಬೆಳಕು ಹಾಯುತ್ತಿತ್ತು.

"ಪ್ರತಿ ವರ್ಷ ಹೀಗೇ ಇರ್ತಿತ್ತಾ, ಇಷ್ಟು ತೆಳ್ಳಗೆ?"

"ಹೂಂ. ಒಳಗಿನ ಬಿಳಿ ಒಂಚೂರು ಸೇರಿದ್ರೂ ಕಹಿಯಾಗುತ್ತಂತೆ."

"ನಿಮ್ಮಕ್ಕನಿಗೆ ಯಾವಾಗ್ಲೂ ಗುಂಡಿಯಿಲ್ಲದ ಅಂಗಿನೇ ಹೊಲೀತಿದ್ದೆಯಲ್ಲ. ಯಾಕೆ?"

"ಬೆರಳು ಬಾಗ್ತಿರಲಿಲ್ಲ, ಸಂಧಿವಾತ. ಸೂಜಿ ಹಿಡಿಯೋಕಾಗದೆ ತಾನೇ ಅಂಗಡಿನ ನಂಗೆ ಬಿಟ್ಟು..."

"ಗುಂಡಿ ಹಾಕೋಕಾಗದ ಬೆರಳು ಈ ಸಿಪ್ಪೆ ಹೆರೆಯೋದು ಹೇಗೆ?" ಇನ್‌ಸ್ಪೆಕ್ಟರಮ್ಮ ಕುರ್ಚಿ ಎಳೆದು ಕೂತಳು. "ನಾವು ಯಾರು ಕುಡಿದ್ರು ಅಂತ ಹುಡುಕ್ತಾ ಇದ್ವಿ. ಯಾರು ಮಾಡಿದ್ರು ಅಂತ ಕೇಳಲೇ ಇಲ್ಲ. ಗಂಟು ಬೇರೆ, ಆದ್ರೂ ಪಾಕ ಕತ್ತಿನವರೆಗಿದೆ, ಅಂದ್ರೆ ಸೀಸೆ ಖಾಲಿಯಾಗಿ ಮತ್ತೆ ತುಂಬಿದೆ. ರುಚಿ ಅದೇ, ಅಂದ್ರೆ ಈಗ ತುಂಬಿದವರೇ ಮೊದಲಿಂದ ಮಾಡ್ತಾ ಇದ್ದೋರು. ನಿಮ್ಮಕ್ಕ ಕಟ್ತಾ ಇದ್ದದ್ದು ಗಂಟು ಮಾತ್ರ. ಈಗಿರೋ ಗಂಟು ಒಂದು ತುದಿ ಎಳೆದ್ರೆ ಜಾರುತ್ತೆ. ಮೇಷ್ಟ್ರೇ, ಕಟಿಂಗ್‌ಗೆ ಕೂತಾಗ ನಿಮ್ಮ ಕತ್ತಿನ ಹಿಂದೆ ಬಟ್ಟೆಗೆ ಹಾಕೋ ಗಂಟು ಯಾವುದು?"

ಮೇಷ್ಟ್ರ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಎಲ್ಲರೂ ಭಾವನ ಕಡೆ ತಿರುಗಿದರು.

"ಹನ್ನೊಂದು ವರ್ಷ," ಅಂದ ಭಾವ. "ಹೊಲಿಗೆ ಅಂಗಡಿ ಬಿಟ್ಟ ವರ್ಷ ಅವಳು ತೀರಾ ಮಂಕಾಗಿದ್ಲು. ಇನ್ನು ನನ್ನ ಕೈಲಿ ಏನೂ ಆಗಲ್ಲ ಅನ್ನೋಳು. ನಾನು ಮಾಡಿದ್ದನ್ನ ಕುಡಿದು ನೀನು, 'ಅಕ್ಕಾ, ನಿನ್ನ ಕೈಗುಣಾನೇ ಬೇರೆ' ಅಂದೆ. ಅವಳ ಮುಖ ನೋಡ್ಬೇಕಿತ್ತು ಅವತ್ತು! ನಾನು ಬಾಯ್ಮುಚ್ಕೊಂಡೆ. ಮುಚ್ಕೊಂಡೇ ಇದ್ದೆ."

"ಮತ್ತೆ ಇದನ್ನ ಯಾಕೆ ಬಿಚ್ಚಿದ್ರಿ ಭಾವ?"

"ಮಧ್ಯಾಹ್ನ ಒಬ್ಬನೇ ಕೂತು ಉಣ್ಣೋದು ಕಷ್ಟ ಕಣಮ್ಮ. ಒಂದಿನ ಒಂದು ಚಮಚ ಕುಡಿದೆ. ಆಮೇಲೆ ದಿನಾ ಒಂದು. ತಳ ಕಂಡಾಗ ಹೆದರಿಕೆ ಆಯ್ತು. ಮಾಡಿ ತುಂಬಿಟ್ಟೆ."

ಎಷ್ಟೋ ಜನರ ಬಾಯಿ ಬಿಡಿಸಿದವಳು ಇನ್‌ಸ್ಪೆಕ್ಟರಮ್ಮ. ಪ್ರತಿ ಸಲವೂ ಮನಸ್ಸು ಹಗುರಾಗುತ್ತಿತ್ತು. ಇವತ್ತು ಆಗಲಿಲ್ಲ. ದರ್ಜಿಯ ಹತ್ತಿರ ಉಳಿದಿದ್ದ ಒಂದೇ ಒಂದನ್ನು ತಾನೇ ಸಾಕ್ಷಿಸಮೇತ ಕಿತ್ತುಕೊಂಡಂತಾಗಿತ್ತು. ಗೆದ್ದದ್ದಕ್ಕೆ ಅವಳಿಗೆ ಬೇಸರವಾಯಿತು.

"ಅಂದ್ರೆ ಇದ್ರಲ್ಲಿ ಅಕ್ಕ ಅನ್ನೋದು ಏನೂ ಇಲ್ವಾ?" ಅಂದಳು ದರ್ಜಿ.

"ಯಾರು ಹೇಳಿದ್ದು?" ಭಾವನ ದನಿ ಏರಿತು. "ಇದು ಒಂದು ಗಂಟೆ ಕುದೀಬೇಕು. ಅಷ್ಟು ಹೊತ್ತೂ ಅವಳು ಪಕ್ಕದಲ್ಲಿ ಕೂತು ಮಾತಾಡೋಳು. ಲವಂಗ ಸಾಕು, ಉರಿ ಇಳಿಸು, ಅವಳಿಗೆ ಚಕ್ಕೆ ಅಂದ್ರೆ ಇಷ್ಟ, ಇನ್ನೊಂದು ಹಾಕು ಅಂತ. ಅವಳು ಅಂದ್ರೆ ನೀನೇ. ಅರ್ಧ ಮಾತು ನಿಂದೇ ಇರ್ತಿತ್ತು." ಅವನು ಮುಖ ಒರೆಸಿಕೊಂಡ. "ಈ ಸಲ ನಾನೊಬ್ಬನೇ ನಿಂತಿದ್ದೆ. ಒಂದು ಗಂಟೆ, ಒಂದು ಮಾತಿಲ್ಲ. ರುಚಿ ಅದೇ ಇದೆ ಅಂತೀಯ. ನಂಗೆ ತಿಳೀತಾ ಇಲ್ಲ."

ದರ್ಜಿ ಸೀಸೆಯ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ನಾಲ್ಕು ಲೋಟ ತಂದಳು. ಎರಡೆರಡು ಬೆರಳು ಪಾಕ ಹಾಕಿ, ಲೋಟ ಓರೆ ಹಿಡಿದು, ನಿಧಾನಕ್ಕೆ ವೈನ್ ಸುರಿದಳು. ಮೊದಲ ಲೋಟವನ್ನು ಭಾವನ ಮುಂದೆ ಇಟ್ಟಳು.

"ಇನ್ನೊಂದು ಸಲ ಕುದಿಸುವಾಗ ನನ್ನ ಕರೀರಿ ಭಾವ."

"ನಿಂಗೆ ಅಂಗಡಿ ಇರುತ್ತಲ್ಲ."

"ಮುಚ್ಚಿ ಬರ್ತೀನಿ."

ಭಾವ ತಲೆಯಾಡಿಸಿದ. ತನ್ನನ್ನೂ ಕರೆಯಿರಿ ಎನ್ನಬೇಕೆಂದು ಇನ್‌ಸ್ಪೆಕ್ಟರಮ್ಮನಿಗೆ ಬಹಳ ಆಸೆಯಾಯಿತು. ಊರಿನವರ ಬಾಯೆಲ್ಲ ಬಿಡಿಸಿದವಳಿಗೆ ತನ್ನ ಬಾಯಿ ಬಿಡಿಸುವುದು ತಿಳಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮುಗಿಯದಿರಲಿ ಎಂದು ಗುಟುಕು ಗುಟುಕಾಗಿ ಕುಡಿಯುತ್ತ ಕೂತಳು.