ಎಂಟೂಕಾಲಿಗೆ ಆನ್ ಮಾಡುವ ಕಂಪ್ಯೂಟರ್

"ಹುಡುಗಿ ಹೆಸರು ಹೇಳಿ," ಎಂದಳು ಅವಳು, ಕೀಬೋರ್ಡಿನಿಂದ ತಲೆ ಎತ್ತದೆ.

"ಯಾವ ಹುಡುಗಿ?" ಎಂದ ಅವನು.

"ನಿಮ್ಮ ಮದುವೆ ಹುಡುಗಿ ರೀ. ಕಾರ್ಡಲ್ಲಿ ಅವರ ಹೆಸರು ಬೇಡ್ವಾ? ನನ್ನ ಹೆಸರು ಹಾಕೋಕಾಗುತ್ತಾ?"

ಅಂದ ಮೇಲೆ ತಲೆ ಎತ್ತಿದಳು. ಅವನ ಹೆಗಲಲ್ಲಿದ್ದ ಟೂಲ್ ಬ್ಯಾಗ್ ನೋಡಿದಳು, ಅದರಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರ್ ನೋಡಿದಳು, ನಾಲಿಗೆ ಕಚ್ಚಿಕೊಂಡಳು.

"ಕಂಪ್ಯೂಟರ್ ರಿಪೇರಿಗೆ ಬಂದೆ ಮೇಡಂ. ಮದುವೆ ಇನ್ನೂ ಗೊತ್ತಾಗಿಲ್ಲ."

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಅವನ ಕಥೆ ಅಲ್ಲಿಗೇ ಮುಗಿಯಿತು ಎನ್ನಬೇಕು. ಮೂವತ್ತೈದು ದಾಟಿದ ಗಂಡಸು, ಮದರ್‌ಬೋರ್ಡಿನ ಮೇಲೆ ಕೂದಲೆಳೆಯಷ್ಟು ಬಿರುಕಿದ್ದರೂ ಕಂಡುಹಿಡಿಯುವವನು, ಆ ದಿನ ಪ್ಲಗ್ ಹಾಕಲು ಸ್ವಿಚ್ ಎಲ್ಲಿದೆಯೆಂದು ಎರಡು ಸಲ ಕೇಳಿದ.

ಅದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಅವಳು ಅಲ್ಲಿ ಪುಟ ಜೋಡಿಸುವವಳು. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಗಳ ಪ್ರಶ್ನೆಪತ್ರಿಕೆ, ಎಲ್ಲವೂ ಅವಳ ಕೈಯಿಂದಲೇ ಹೊರಡಬೇಕು. ಯಜಮಾನರು ಅವನ ಅಂಗಡಿಯ ಜೊತೆ ವರ್ಷದ ಒಪ್ಪಂದ ಮಾಡಿಕೊಂಡಿದ್ದರು. ಎಷ್ಟು ಸಲ ಕರೆದರೂ ಬರಬೇಕು.

"ಏನು ತೊಂದ್ರೆ ಇದಕ್ಕೆ?"

"ಆನ್ ಆಗುತ್ತೆ. ಆಮೇಲೆ ಏನೂ ಆಗಲ್ಲ. ಅರ್ಧ ಗಂಟೆ ಏನು ಮುಟ್ಟಿದ್ರೂ ನೀಲಿ ಉಂಗುರ ಸುತ್ತುತ್ತೆ. ಆಮೇಲೆ ಅದಕ್ಕೇ ಮನಸ್ಸು ಬಂದು ಕೆಲಸ ಶುರು ಮಾಡುತ್ತೆ."

"ಪಾಪ, ಎದ್ದ ತಕ್ಷಣ ಯಾರಿಗೆ ಕೆಲಸ ಮಾಡೋಕಾಗುತ್ತೆ?"

"ನನಗಾಗುತ್ತೆ," ಎಂದಳು. ನಗುತ್ತಲೇ ಅಂದಳು, ಅವನಿಗೆ ನಗು ಮಾತ್ರ ಕಂಡಿತು.

ರೋಗ ಕಂಡುಹಿಡಿಯಲು ಅವನಿಗೆ ಹತ್ತು ನಿಮಿಷ ಸಾಕಾಯಿತು. ಆನ್ ಆದ ಕೂಡಲೇ ತಾವೂ ಎದ್ದು ಕೂರುವ ಹಲವು ಕಂಟಕಗಳು ಒಳಗಿದ್ದವು. ಎಂದೋ ಗುಜರಿಗೆ ಹೋದ ಪ್ರಿಂಟರನ್ನು ದಿನಾ ಹುಡುಕುವ ಒಂದು ಪ್ರೋಗ್ರಾಂ. ಯಾರೂ ಕೇಳದ ಹವಾಮಾನ ಹೇಳುವ ಇನ್ನೊಂದು. ಒಬ್ಬರನ್ನೊಬ್ಬರು ನಂಬದೆ ಇಡೀ ಡಿಸ್ಕನ್ನು ಜಾಲಾಡುವ ಎರಡು ಆ್ಯಂಟಿವೈರಸ್‌ಗಳು. ಸಾಲದ್ದಕ್ಕೆ, ವರ್ಷಗಳಿಂದ ಕಂಡಕಂಡವರು ತುಂಬಿಸಿಟ್ಟ ಎರಡು ಸಾವಿರದಷ್ಟು ಫಾಂಟುಗಳು. ತೆಗೆಯಬೇಕಾದ್ದನ್ನೆಲ್ಲ ಎಂಟು ಸಾಲಾಗಿ ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಒಂದು ಬೆಳಗಿನ ಕೆಲಸ.

ಮೊದಲನೆಯದನ್ನು ತೆಗೆದು ರೀಸ್ಟಾರ್ಟ್ ಮಾಡಿದ. ಕಾಯಬೇಕಲ್ಲ, ಇಬ್ಬರೂ ಕಾದರು. ಅವಳು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಅವನಿಗೂ ಕೊಟ್ಟಳು. ಕಾರ್ಡಿನಲ್ಲಿ ವರನ ಹೆಸರಿನ ಜಾಗಕ್ಕೆ ಮಾವನ ಹೆಸರು ಅಚ್ಚಾದ ಕಥೆ ಹೇಳಿದಳು. ನಗು ತಡೆಯಲು ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು, ಆದರೂ ಕಣ್ಣಲ್ಲಿ ಅದು ಬಂದುಬಿಡುತ್ತಿತ್ತು. ಉಂಗುರ ಸುತ್ತುವುದು ನಿಂತಾಗ ಅವನಿಗೆ ಸಂಕಟವಾಯಿತು.

ನೋಟ್‌ಬುಕ್ ಮುಚ್ಚಿದ. "ಇನ್ನೂ ಸ್ವಲ್ಪ ಇದೆ ಮೇಡಂ. ಮತ್ತೆ ಬರ್ತೀನಿ."

ಹೀಗೆ ಶುರುವಾಯಿತು. ತಿಂಗಳಿಗೊಂದು ಭೇಟಿ, ಭೇಟಿಗೊಂದು ಸಾಲಿನ ಮೇಲೆ ಗೆರೆ. ಹಗುರವಾದವನ್ನು ಮೊದಲು ತೆಗೆದ, ಭಾರದವನ್ನು ಕೊನೆಗಿಟ್ಟುಕೊಂಡ. ಬೇಗ ಗುಣ ಕಂಡರೆ ಕರೆಯುವವರು ಯಾರು? ನಾನೇನು ಕೆಡಿಸುತ್ತಿಲ್ಲವಲ್ಲ, ನಿಧಾನವಾಗಿ ಸರಿಮಾಡುತ್ತಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪ್ರೀತಿಸಿದವರು ಹೇಳಿಕೊಳ್ಳುವ ಸುಳ್ಳುಗಳು ಎಷ್ಟು ಮರ್ಯಾದಸ್ಥವಾಗಿರುತ್ತವೆ!

"ಬನ್ನಿ ಡಾಕ್ಟ್ರೇ," ಎನ್ನುತ್ತಿದ್ದಳು ಅವಳು. "ಅಮ್ಮ ಇಟ್ಟ ಹೆಸರು ನಿಮಗೆ. ದಿನಾ ಕೇಳ್ತಾರೆ, ಪೇಷಂಟ್ ಹೇಗಿದೆ, ಡಾಕ್ಟ್ರು ಬಂದಿದ್ರಾ ಅಂತ."

"ನೀವೇನಂತೀರಿ?"

"ಡಾಕ್ಟ್ರಿಗೆ ಔಷಧಿಗಿಂತ ಟೀ ಮೇಲೇ ಗಮನ ಅಂತೀನಿ."

ಅವನು ಲೋಟದೊಳಗೆ ನೋಡಿದ. ಅವಳು ಅವನ ಕಿವಿ ಕೆಂಪಾಗುವುದನ್ನೇ ನೋಡುತ್ತಿದ್ದಳು. ನೋಡಿ, ಗೆದ್ದವಳಂತೆ ಸ್ಕ್ರೀನಿನ ಕಡೆ ತಿರುಗಿದಳು.

ಒಮ್ಮೆ ಹೀಗೂ ಅಂದಿದ್ದಳು: "ನಿಮ್ಮ ಪೇಷಂಟ್ ದಯೆಯಿಂದ ನಾನು ಎಂಟೂಕಾಲಿಗೇ ಬಂದು ಕೂರೋದು." ಅವನಿಗೆ ಅದು ಚೇಷ್ಟೆಯ ಮಾತಾಗಿ ಕೇಳಿಸಿತು. ಮಾರನೇ ತಿಂಗಳು ಅವನೂ ಎಂಟೂಕಾಲಿಗೇ ಬಂದ. ಅವಳು ಏಕೆ ಬೇಗ ಬರುತ್ತಾಳೆ, ಏನನ್ನು ಬಿಟ್ಟು ಬರುತ್ತಾಳೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಆರು ಗೆರೆ ಎಳೆದಾಗಿತ್ತು. ಏಳನೇ ಸಲ ಮನಸ್ಸಿನ ಮಾತು ಹೇಳಿಯೇ ಬಿಡಬೇಕೆಂದು ಹೊಸ ಅಂಗಿ ಹೊಲಿಸಿಕೊಂಡ. ಆದರೆ ಆ ತಿಂಗಳು ಕರೆ ಬರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಬಂತು.

"ಡಾಕ್ಟ್ರೇ, ಶನಿವಾರ ಬರ್ತೀರಾ? ಅವತ್ತು ನನ್ನದು ಕೊನೇ ದಿನ. ಹೊಸಬರು ಬರ್ತಾರೆ, ನನ್ನ ಹಾಗೆ ಅವರು ಒದ್ದಾಡೋದು ಬೇಡ."

ಶನಿವಾರ ಎಂಟೂಕಾಲಿಗೆ ಹೋದರೆ ಅವಳ ಕುರ್ಚಿ ಖಾಲಿ. ಒಂಬತ್ತಕ್ಕೆ ಬಂದಳು. ಕಣ್ಣ ಕೆಳಗೆ ಕಪ್ಪು. ಹಳೇ ಅಭ್ಯಾಸದಂತೆ ಫ್ಲಾಸ್ಕ್ ಮೇಜಿನ ಮೇಲಿಟ್ಟಳು.

"ಇವತ್ತು ತಡ?" ಎಂದ.

"ಇನ್ನು ಬೇಗ ಬಂದು ಏನು ಮಾಡ್ಲಿ?" ಬ್ಯಾಗ್ ಕೆಳಗಿಟ್ಟು ಹೇಳಿದಳು, "ಅಮ್ಮ ಬಿದ್ರು. ಸೊಂಟದ ಮೂಳೆ ಮುರೀತು. ಇನ್ನು ಎದ್ದು ಓಡಾಡೋದು ಕಷ್ಟ ಅಂದ್ರು ಆಸ್ಪತ್ರೇಲಿ."

"ಹೇಗೆ ಬಿದ್ರು?"

"ಅವರಿಗೆ ಒಬ್ಬರೇ ಎದ್ದು ನಿಲ್ಲೋಕೆ ಆಗ್ತಿರಲಿಲ್ಲ. ಚಿಕ್ಕಮ್ಮ ನೋಡ್ಕೊಳ್ಳೋಕೆ ಬರೋದು ಎಂಟೂವರೆಗೆ. ಯಜಮಾನರಿಗೆ ಒಂಬತ್ತಕ್ಕೆಲ್ಲ ಮೊದಲ ಪುಟ ಬೇಕು, ಇದು ಏಳೋಕೆ ಅರ್ಧ ಗಂಟೆ ಬೇಕು. ನಾನು ಎಂಟಕ್ಕೆ ಮನೆ ಬಿಡ್ತಿದ್ದೆ. ಆ ಅರ್ಧ ಗಂಟೆ ಅಮ್ಮ ಒಬ್ಬರೇ. ನೀರು ಬೇಕಾಗಿತ್ತಂತೆ, ಎದ್ರಂತೆ." ಮೌಸ್‌ಪ್ಯಾಡಿನ ಅಂಚನ್ನು ಉಗುರಿನಿಂದ ಕೆರೆದಳು. "ಅಣ್ಣ ನಮ್ಮಿಬ್ಬರನ್ನೂ ತನ್ನೂರಿಗೆ ಕರ್ಕೊಂಡು ಹೋಗ್ತಾನೆ. ನಾಳೆ."

ಜೇಬಿನಲ್ಲಿದ್ದ ನೋಟ್‌ಬುಕ್ ಎದೆಗೆ ಚುಚ್ಚುತ್ತಿತ್ತು. ಕೂತು ಕೆಲಸ ಶುರು ಮಾಡಿದ. ಒಂದು ಆ್ಯಂಟಿವೈರಸ್ ಕಿತ್ತ. ಫಾಂಟುಗಳನ್ನು ತೆರೆದು, "ಯಾವುದು ಬೇಕು ಹೇಳಿ," ಎಂದ. ಅವಳು ಪಕ್ಕದಲ್ಲಿ ಬಗ್ಗಿ ನಿಂತು ಆರಿಸಿದಳು.

"ಇದು ಇರ್ಲಿ. ಇದು ಬೇಡ, ಯಾರಿಗೂ ಓದೋಕಾಗಲ್ಲ. ಈ ಬಳ್ಳಿ ಅಕ್ಷರ ಇರ್ಲಿ, ಮದುವೆ ಕಾರ್ಡಿಗೆ ಚೆನ್ನಾಗಿರುತ್ತೆ." ಆ ಅಕ್ಷರದ ಮೇಲೆ ಅವಳ ಬೆರಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತ್ತು.

ರೀಸ್ಟಾರ್ಟ್ ಒತ್ತಿದ. ಅವಳು ಎರಡು ಲೋಟ ಇಟ್ಟು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಮೊದಲ ಲೋಟ ತುಂಬುವಷ್ಟರಲ್ಲಿ ಸ್ಕ್ರೀನ್ ಬಂತು. ಅವಳು ಮೌಸ್ ಹಿಡಿದು ಪುಟದ ಫೈಲ್ ಒತ್ತಿದಳು. ತೆರೆಯಿತು. ಉಂಗುರ ಸುತ್ತಲಿಲ್ಲ.

"ಇಷ್ಟೇನಾ?" ಎಂದಳು.

"ಇಷ್ಟೇ."

"ಇದು ಮೊದಲೇ ಆಗ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಗೊತ್ತಾಗುವಂತಿರಲಿಲ್ಲ. ಅವನು ನೋಟ್‌ಬುಕ್ ತೆಗೆದು ಆ ಪುಟ ಬಿಡಿಸಿ ಅವಳ ಮುಂದಿಟ್ಟ. ಎಂಟು ಸಾಲು, ಮೇಲೆ ಮೊದಲ ದಿನದ ತಾರೀಖು. ಪ್ರತಿ ಗೆರೆಯ ಪಕ್ಕದಲ್ಲಿ ಒಂದೊಂದು ತಿಂಗಳು.

"ಮೊದಲನೇ ದಿನವೇ ಆಗ್ತಿತ್ತು. ನೀವು ಕರೀತಾ ಇರ್ಲಿ ಅಂತ... ನಿಮ್ಮ ಹತ್ರ ಕೂರೋಕೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ನೀವಂದ್ರೆ ನನಗೆ ಪ್ರಾಣ ಮೇಡಂ. ಅಮ್ಮ ಒಬ್ಬರೇ ಇರ್ತಾರೆ ಅಂತ ನಾನು..."

ಅವಳು ಪುಟವನ್ನು ಮೇಲಿನಿಂದ ಕೆಳಗಿನವರೆಗೆ, ಪ್ರೂಫ್ ನೋಡುವವಳಂತೆ ಓದಿದಳು. ಬೈಯಲಿ, ಹೊಡೆಯಲಿ ಎಂದು ಅವನು ಕಾದ.

"ಅವತ್ತು ಹುಡುಗಿ ಹೆಸರು ಕೇಳಿದ್ನಲ್ಲ," ಎಂದಳು ಕೊನೆಗೆ. "ಆಮೇಲೆ ಎಷ್ಟು ಸಲ ಅಂದ್ಕೊಂಡೆ, ಈ ಮನುಷ್ಯ ಒಂದಿನ ಹೇಳ್ತಾನೆ ಅಂತ. ಇದು ಸರಿಯಾಗಿದ್ರೂ ನಾನು ಕರೀತಿದ್ದೆ ರೀ. ಏನಾದ್ರೂ ನೆಪ ಹುಡುಕಿ ಕರೀತಿದ್ದೆ."

"ಈಗ್ಲೂ... ನಾನು ಬಂದು ಅಮ್ಮನ್ನ ನೋಡ್ಲಾ? ಕಾಲು ಹಿಡಿದು ಕ್ಷಮೆ ಕೇಳ್ತೀನಿ."

"ಬೇಡ." ಕಣ್ಣೊರೆಸಿಕೊಂಡಳು. "ಹಾಸಿಗೆ ಮೇಲೆ ಮಲಗಿ ಈಗ್ಲೂ ಕೇಳ್ತಾರೆ, ಡಾಕ್ಟ್ರು ಬಂದಿದ್ರಾ ಅಂತ. ಅವರಿಗೆ ನಿಮ್ಮ ಮೇಲೆ ಒಳ್ಳೇ ಅಭಿಪ್ರಾಯ ಇದೆ. ಅವರಿಗಾದ್ರೂ ಇರ್ಲಿ. ನನಗೆ, ನಿಮ್ಮ ಮುಖ ನೋಡಿದ್ರೆ ಇನ್ನು ಆ ಅರ್ಧ ಗಂಟೆನೇ ಕಾಣೋದು."

ನೋಟ್‌ಬುಕ್ ಮುಚ್ಚಿ ಅವನ ಕೈಗೆ ಕೊಟ್ಟಳು. ಬೆರಳು ತಾಗಿತು. ಆರು ತಿಂಗಳಲ್ಲಿ ಮೊದಲ ಸಲ, ಮತ್ತು ಇಬ್ಬರಿಗೂ ಗೊತ್ತಿತ್ತು, ಕೊನೆಯ ಸಲ. ಖಾಲಿ ಲೋಟವನ್ನು ಬ್ಯಾಗಿಗೆ ಹಾಕಿಕೊಂಡು, ಫ್ಲಾಸ್ಕ್ ಎತ್ತಿಕೊಂಡು, ಒಳಗಿದ್ದ ಯಜಮಾನರಿಗೆ ಬರ್ತೀನಿ ಎಂದು ಹೇಳಿ ಅವಳು ಬೀದಿಗಿಳಿದಳು. ತಿರುಗಿ ನೋಡಲಿಲ್ಲ.

ಯಜಮಾನರು ಹೊರಬಂದು ಕಂಪ್ಯೂಟರ್ ಆಫ್ ಮಾಡಿಸಿದರು, ಆನ್ ಮಾಡಿಸಿದರು, ಬಾಯಿ ತೆರೆದು ನಿಂತರು.

"ಭೇಷ್! ಗುಂಡು ಹಾರಿದ ಹಾಗೆ ಬಂತಲ್ಲಯ್ಯ. ಇನ್ನು ನಿನ್ನನ್ನ ಕರೆಯೋ ಕೆಲಸವೇ ಇಲ್ಲ."

"ಇಲ್ಲ ಸರ್," ಎಂದ ಅವನು. ಮೇಜಿನ ಮೇಲೆ ಅವಳು ಬಗ್ಗಿಸಿಟ್ಟ ಒಂದು ಲೋಟ ಟೀ ಹಾಗೇ ಇತ್ತು. ಇನ್ನೂ ಬಿಸಿಯಾಗಿತ್ತು.