ಹುಣ್ಣು ಎಂಬ ಸುಳ್ಳು

ಈ ಕಥೆ ಹೇಳಲು ಹೊರಟಿದ್ದೇ ಅಧಿಕಪ್ರಸಂಗವೇನೋ! ಸಾವಿನ ಮುಂದೆ ಸರಿ ತಪ್ಪು ತೂಗುವಷ್ಟು ತಿಳಿವಳಿಕೆ ನನಗಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಾರ್ಡಿನ ಪರದೆ ಸರಿಸಿದ ಟೈಲರ್ ಹುಡುಗಿಗೆ ಕಂಡದ್ದು... ಅಪ್ಪನ ಕೊರಳ ಮೇಲೆ ಕ್ಷೌರದ ಕತ್ತಿ! ಹಿಡಿದವನು ಯಾರೋ ಅಪರಿಚಿತ!

ಕೈಯಲ್ಲಿದ್ದ ಸ್ಟೀಲ್ ಫ್ಲಾಸ್ಕನ್ನು ಬೀಸಿಯೇಬಿಟ್ಟಳು.

ಅವನ ಹುಬ್ಬು ಸೀಳಿತು. ಸೋಪಿನ ನೊರೆಗೆ ರಕ್ತ ತೊಟ್ಟಿಕ್ಕಿತು.

"ಏ ಬಜಾರಿ! ಅವರು ಡಾಕ್ಟರ್ ಕಣೇ! ಕ್ಷೌರ ಕಲಿಸ್ತಿದ್ದೆ. ಇನ್ನೊಂದು ಕೆನ್ನೆ ಬಾಕಿ ಇದೆ!" ಅಪ್ಪ ಗದರಿದ.

ಅಪ್ಪ ಜೀವನವಿಡೀ ಕ್ಷೌರಿಕ. ಹಾಸಿಗೆ ಹಿಡಿದರೂ ಕಸುಬು ಬಿಡಲಾರದೆ ಡಾಕ್ಟರನ್ನೇ ಶಿಷ್ಯ ಮಾಡಿಕೊಂಡಿದ್ದ. ಅಂದಿನಿಂದ ಪರದೆಯ ಹಿಂದೆ ಗುರುಶಿಷ್ಯರದು ದಿನವೂ ಪಿಸುಮಾತು.

"ಕ್ಷಮಿಸಿ ಡಾಕ್ಟ್ರೇ..."

"ಟೈಲರ್ ಅಂತೆ? ಹಾಗಿದ್ರೆ ಹೊಲಿಗೆ ನೀವೇ ಹಾಕಿಬಿಡಿ."

ಅವಳು ಅಳುತ್ತಲೇ ನಕ್ಕಳು. ಅವನ ಗಾಯ ಮಾಯುವಷ್ಟರಲ್ಲಿ ಅವಳ ಮನಸ್ಸು ಅವನ ಹೆಜ್ಜೆಸಪ್ಪಳಕ್ಕೇ ಕಾಯತೊಡಗಿತ್ತು.

ಅಪ್ಪನಿಗೆ ಕ್ಯಾನ್ಸರ್. ಆದರೆ ಅವಳೂ ಅಣ್ಣನೂ 'ಹೊಟ್ಟೆ ಹುಣ್ಣು' ಎಂದೇ ಹೇಳಿದ್ದರು. ಅಪ್ಪ, "ಖಾರ ಜಾಸ್ತಿ ತಿಂದೆ" ಎಂದು ಒಪ್ಪಿಕೊಂಡಿದ್ದ.

ಒಂದು ಮಧ್ಯಾಹ್ನ ಅಪ್ಪನಿಗೆ ಮೇಲುಸಿರು ಬರತೊಡಗಿತು. ಲಾರಿ ಓಡಿಸುವ ಅಣ್ಣ ಅಬ್ಬರಿಸಿದ.

"ಗಂಟಲಿಗೆ ಕೊಳವೆ ಇಳಿಸಿ! ಮೆಷಿನ್ ಹಾಕಿ!"

"ಹಾಕಲ್ಲ," ಎಂದ ಡಾಕ್ಟರ್. "ಸಂಕಟ ಕಡಿಮೆ ಆಗೋಕೆ ಔಷಧಿ ಕೊಡ್ತೀನಿ."

ಅಣ್ಣನ ಮುಷ್ಟಿ ಅವನ ಬಾಯಿಗೇ ಬಡಿಯಿತು. ಟ್ರೇ ಉರುಳಿ ಗಾಜು ಚೂರುಚೂರಾಯಿತು. ಅಣ್ಣ ಅವನನ್ನು ಗೋಡೆಗೆ ಒತ್ತಿ ಕತ್ತು ಹಿಸುಕಿದ.

ಬಿಡಿಸಬೇಕಾದವಳು ತಾನೂ ಚೀರಿದಳು.

"ನಿಮ್ಮನ್ನ ನಂಬಿದ್ದೆನಲ್ಲ! ಕೊಲ್ತಿದ್ದೀರಾ?"

"ಕೊಳವೆ ಬೇಡ ಅಂದಿದ್ದು ನಿಮ್ಮ ತಂದೆಯೇ..."

"ಹುಣ್ಣು ಅಂದ್ಕೊಂಡಿರೋ ಮನುಷ್ಯ ಹಾಗ್ಯಾಕೆ ಅಂತಾರೆ? ನೀವು ನಿಜ ಹೇಳಿಬಿಟ್ರಾ?"

ಅವನು ರಕ್ತ ನುಂಗಿ ಅಪ್ಪನ ಕಡೆ ನೋಡಿದ.

"ಬಿಡೋ... ಅವರನ್ನ." ಅಪ್ಪನ ದನಿ! "ಹುಣ್ಣಿಗೆ... ಕೂದಲು ಉದುರೋ ಔಷಧಿ ಯಾರು ಕೊಡ್ತಾರ್ರೋ? ಕ್ಷೌರಿಕನಿಗೇ... ಟೋಪಿ ಹಾಕ್ತೀರಾ?"

ಡಾಕ್ಟರ ಕತ್ತಿನ ಮೇಲಿದ್ದ ಅಣ್ಣನ ಹಿಡಿತ ಸಡಿಲಿತು.

"ನನಗೆ ಗೊತ್ತಾಗಿದೆ ಅಂದ್ರೆ ನೀವು ಕುಸೀತೀರಾ ಅಂತ... ಅವರ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ಕೊಳವೆ ಬೇಡ. ಮಾತಾಡ್ತಾನೇ ಹೋಗ್ತೀನಿ..."

"ಇಲ್ಲಾ!" ಅಣ್ಣ ಡಾಕ್ಟರ ಮೇಲೆ ಸ್ಟೂಲ್ ಎತ್ತಿದ. ಅವಳು ನಡುವೆ ನುಗ್ಗಿದಳು. ಏಟು ಅವಳ ಭುಜಕ್ಕೆ ಬಿತ್ತು. ನೋವಿನಲ್ಲೇ ಅಣ್ಣನ ಕೆನ್ನೆಗೆ ಬಾರಿಸಿದಳು.

"ಅಪ್ಪ ಬೇಡ ಅಂತಿದ್ದಾರೆ! ಬೇಡ ಅಂದ್ರೆ ಬೇಡ ಅಣ್ಣಾ!"

ಅಣ್ಣ ಗಾಜಿನ ಚೂರುಗಳ ನಡುವೆ ಕುಸಿದು ಮಗುವಿನಂತೆ ಅತ್ತ.

ಔಷಧಿಗೆ ಏದುಸಿರು ತಗ್ಗಿತು. ಮಕ್ಕಳಿಬ್ಬರನ್ನೂ ಬಾಯಿತುಂಬ ಬೈಯುತ್ತ, ಬೈಗುಳದ ನಡುವೆಯೇ ಸಂಜೆಗೆ ಅಪ್ಪ ಹೊರಟುಹೋದ.

ಅಂತ್ಯಕ್ರಿಯೆ ಮುಗಿದ ಮೇಲೆ ಅವಳು ಆಸ್ಪತ್ರೆಗೆ ಬಂದಳು. ಅವನ ತುಟಿ ಇನ್ನೂ ಊದಿತ್ತು.

"ಒಂದು ಕೇಳ್ಲಾ? ಆ ಮೆಷಿನ್ ಹಾಕಿದ್ರೆ... ಇನ್ನಷ್ಟು ದಿನ ಇರ್ತಿದ್ರಾ?"

"ಗೊತ್ತಿಲ್ಲ. ಇರ್ತಿದ್ರೇನೋ. ದಿನಾ ನನ್ನನ್ನೇ ಕೇಳ್ಕೊಳ್ತೀನಿ."

"ಇಲ್ಲ ಅಂದಿದ್ರೆ ನೆಮ್ಮದಿಯಾಗಿ ಮನೆಗೆ ಹೋಗ್ತಿದ್ದೆ."

"ನಿಮ್ಮ ಹತ್ರ ಸುಳ್ಳು ಹೇಳಕ್ಕಾಗಲ್ಲ. ನಿಮ್ಮನ್ನ... ತುಂಬ ಇಷ್ಟಪಟ್ಟಿದ್ದೀನಿ."

ಅವಳು ಅವನ ಕೈ ಹಿಡಿದಳು.

"ನಾನೂ... ಮನೆಗೆ ಬಂದು ಕೇಳಿ. ಅಣ್ಣ ಮತ್ತೆ ಹೊಡೆದ್ರೆ?"

"ನಿಮ್ಮ ಮನೆಯವರ ಏಟು ರೂಢಿ ಆಗಿದೆ. ಬರ್ತೀನಿ."

ಅವನು ಹೋದ. ಅಣ್ಣ ಹೊಡೆಯಲಿಲ್ಲ, ಬಾಗಿಲು ತೆರೆದಿಟ್ಟು ಒಳಗೆ ನಡೆದುಬಿಟ್ಟ. ಅದು ಕ್ಷಮೆಯೋ ಅಲ್ಲವೋ, ನನಗೆ ಗೊತ್ತಿಲ್ಲ.